ಟೊಮ್ ಯಮ್: ಗೋಕುಲ ರಸ್ತೆಯದೋ, ವಿದ್ಯಾನಗರದ್ದೋ?

ಜುಲೈ ತಿಂಗಳ ಜಿಟಿಜಿಟಿ ಮಳೆ. ಧಾರವಾಡದಿಂದ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಳಿದಾಗ ನಾನೂ ಅವ್ವನೂ ಅರ್ಧ ತೊಯ್ದಿದ್ದೆವು. ಬಿಸಿಬಿಸಿ ಏನಾದರೂ ಬೇಕಾಗಿತ್ತು. ಮೊದಲ ಮಹಡಿಯಲ್ಲಿದ್ದ ಒಂದು ಸಣ್ಣ ಹೋಟೆಲು ಹೊಕ್ಕೆವು. ಮೆನು ಕಾರ್ಡಿನಲ್ಲಿ ಗೋಬಿ ಮಂಚೂರಿ, ನೂಡಲ್ಸುಗಳ ನಡುವೆ ‘ವೆಜ್ ಟೊಮ್ ಯಮ್’ ಅಂತ ಒಂದು ಥಾಯ್ ಸೂಪು ಇತ್ತು, 140 ರೂಪಾಯಿ.

ಬಟ್ಟಲು ಟೇಬಲ್ಲಿಗೆ ಬರುವ ಮೊದಲೇ ಅದರ ವಾಸನೆ ಬಂತು. ಅವ್ವ ಒಂದು ಚಮಚ ಕುಡಿದು ಸುಮ್ಮನೆ ಕೂತಳು. ಎರಡನೆಯದು ಕುಡಿದ ಮೇಲೆ ಹೇಳಿದಳು: “ಇದು ಹುಣಸಿಹಣ್ಣಿನ ಹುಳಿ ಅಲ್ಲ. ನಿಂಬಿಹಣ್ಣು ಕಡೀಕ ಹಿಂಡ್ಯಾರ.” ಅಡುಗೆಯವರನ್ನು ಕೇಳಿದೆ, ಹೌದಂತೆ. ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆ ಹಿಂಡುತ್ತಾರೆ, ಕುದಿಸಿದರೆ ಕಹಿಯಾಗುತ್ತದೆ. ನಮ್ಮ ಮನೆಯ ನಿಂಬೆಹಣ್ಣಿನ ಸಾರಿಗೂ ಇದೇ ಕ್ರಮ.

ಥಾಯ್ ಭಾಷೆಯಲ್ಲಿ ಟೊಮ್ ಅಂದರೆ ಕುದಿಸುವುದು, ಯಮ್ ಅಂದರೆ ಹುಳಿ-ಖಾರ ಬೆರೆಸಿ ಕಲಸಿದ್ದು. ಸಿಗಡಿ ಹಾಕಿದ ಟೊಮ್ ಯಮ್ ಕುಂಗ್ ಎಲ್ಲಕ್ಕಿಂತ ಪ್ರಸಿದ್ಧ. ಅದನ್ನು 2024ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಸಸ್ಯಾಹಾರಿಗಳು, ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಣಬೆ ಹಾಕಿದ ಬಟ್ಟಲಿನ ಮಾತು.

ಇದಕ್ಕೆ ಸಾಟಿ ಇದೆಯೇ ಎಂದು ಮುಂದಿನ ಎರಡು ತಿಂಗಳು ಹುಡುಕಿದೆ. ಮೊದಲು ಹೋದದ್ದು ಗೋಕುಲ ರಸ್ತೆಯ ದೊಡ್ಡದೊಂದು ರೆಸ್ಟೊರೆಂಟಿಗೆ. ಅಲ್ಲಿ 190 ರೂಪಾಯಿ, ಇಬ್ಬರಿಗೆ ಸಾಲುವಷ್ಟು ದೊಡ್ಡ ಬಟ್ಟಲು, ಕೊಟ್ಟವರೂ ಬಹಳ ವಿನಯದವರು. ಸೂಪು ಕೆಂಪಗಿತ್ತು, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಆದರೆ ಬ್ಯಾಡಗಿಯ ಪರಿಮಳ ಇರಲಿಲ್ಲ. ಮೆಕ್ಕೆಜೋಳದ ಹಿಟ್ಟು ಬೆರೆಸಿ ಗಟ್ಟಿ ಮಾಡಿದ್ದರು. ಮೊದಲ ಚಮಚಕ್ಕೆ ಸಿಹಿ, ಆಮೇಲೆ ಟೊಮೆಟೊ, ಆಮೇಲೆ ಉಪ್ಪು. ಎರಡು ಬೇರೆ ದಿನ ಹೋಗಿ ಕುಡಿದು ನೋಡಿದೆ, ಎರಡೂ ಸಲ ಅದೇ ರುಚಿ. ಖಾರ ತಿನ್ನದ ಮಕ್ಕಳಿಗೆ ಇದು ಹಿಡಿಸಬಹುದು, ನನಗೆ ಹಿಡಿಸಲಿಲ್ಲ.

ವಿದ್ಯಾನಗರದ್ದು ತಿಳಿಸಾರು. ಬಟ್ಟಲಿನ ತಳ ಕಾಣುತ್ತದೆ. ಜಜ್ಜಿದ ಮಜ್ಜಿಗೆ ಹುಲ್ಲು, ಶುಂಠಿಯ ಬಳಗದ ಗಲಂಗಲ್ಲಿನ ಬಿಲ್ಲೆಗಳು, ಒಂದು ಬಗೆಯ ಕಾಡುನಿಂಬೆಯ ಎಲೆ. ನಮ್ಮ ಸಾರಿನ ಕರಿಬೇವಿನಂತೆ ಇವನ್ನು ತಿನ್ನದೆ ಬದಿಗೆ ಸರಿಸಬೇಕು. ಸಣ್ಣ ಹಸಿಮೆಣಸಿನಕಾಯಿ ಜಜ್ಜಿ ಹಾಕಿದ್ದಾರೆ. ಖಾರ ನಾಲಿಗೆಗೆ ತಾಗುವುದು ತಡವಾಗಿ, ಗಂಟಲಿನ ಹತ್ತಿರ. ಹುಳಿ, ಉಪ್ಪು, ಖಾರ ಮೂರೂ ಬೇರೆಬೇರೆಯಾಗಿ ಗೊತ್ತಾಗುತ್ತವೆ, ಆದರೂ ಜಗಳವಿಲ್ಲ. ಥೈಲ್ಯಾಂಡಿನಲ್ಲೂ ಹೀಗೆ ತಿಳಿಯಾದ ಬಗೆಯೊಂದು, ಹಾಲು ಬೆರೆಸಿ ಮಂದ ಮಾಡುವ ಬಗೆ ಇನ್ನೊಂದು ಇದೆ. ನನಗೆ ತಿಳಿಯಾದದ್ದೇ ಸೇರುತ್ತದೆ.

ಮನೆಯಲ್ಲೂ ಮಾಡಿ ನೋಡಿದೆ. ಮೊದಲು ತಂದ ಪೇಸ್ಟಿನ ಬಾಟಲಿಯ ಲೇಬಲ್ಲನ್ನು ಮನೆಗೆ ಬಂದ ಮೇಲೆ ಓದಿದರೆ, ಒಣಸಿಗಡಿ ಇದೆ ಎಂದಿತ್ತು. ಅವ್ವನಿಗೆ ಕೊಡಲಾಗಲಿಲ್ಲ, ನಾನೂ ತೆರೆಯಲಿಲ್ಲ. ಟೊಮ್ ಯಮ್ ಪೇಸ್ಟುಗಳಲ್ಲಿ ಸಿಗಡಿ ಅಥವಾ ಮೀನಿನ ಸಾಸ್ ಇರುವುದು ಸಾಮಾನ್ಯ. ಸಸ್ಯಾಹಾರಿಗಳು ಅಂಗಡಿಯಲ್ಲೇ ಲೇಬಲ್ ಓದಿ, ಹೋಟೆಲಿನಲ್ಲೂ ಬಾಯಿ ಬಿಟ್ಟು ಕೇಳಿ. ಎರಡನೇ ಸಲ ಸಸ್ಯಾಹಾರಿ ಪೇಸ್ಟೇ ಸಿಕ್ಕಿತು, ಆದರೆ ಉಪ್ಪು ಬಹಳ. ಚಹಾಕ್ಕೆಂದು ಅವ್ವ ಹಿತ್ತಲಲ್ಲಿ ಬೆಳೆದ ಮಜ್ಜಿಗೆ ಹುಲ್ಲಿನ ಎರಡು ದಂಟು ಜಜ್ಜಿ ಹಾಕಿದಾಗ ಸಾಕಷ್ಟು ಸುಧಾರಿಸಿತು. ವಿದ್ಯಾನಗರದ ಬಟ್ಟಲಿಗೆ ಹೋಲಿಸಿದರೆ ಅರ್ಧದಾರಿ, ಗೋಕುಲ ರಸ್ತೆಯದಕ್ಕಿಂತ ಮುಂದೆ.

ಇನ್ನು ವಿದ್ಯಾನಗರದವರದ್ದೇ ಟೊಮ್ ಖಾ, 160 ರೂಪಾಯಿ. ಖಾ ಎಂದರೆ ಗಲಂಗಲ್. ಇದರಲ್ಲಿ ತೆಂಗಿನ ಹಾಲು ಮುಖ್ಯ, ಹುಳಿ ಹಿಂದೆ ನಿಲ್ಲುತ್ತದೆ. ನಮ್ಮ ಮನೆಯ ಅಡುಗೆಯಲ್ಲಿ ಶೇಂಗಾ, ಗುರೆಳ್ಳು, ಒಣಕೊಬ್ಬರಿಯದ್ದೇ ರಾಜ್ಯ. ಸಾರಿಗೆ ತೆಂಗಿನ ಹಾಲು ಹಾಕುವುದು ಅವ್ವನಿಗೆ ಹೊಸತು. ಆದರೂ ಅವಳ ಆಯ್ಕೆ ಇದೇ. “ಹೊಟ್ಟಿಗೆ ತಂಪ ಆತು” ಅಂದಳು. ನಾನು ಮಾತ್ರ ಟೊಮ್ ಯಮ್ ಬಿಡುವವನಲ್ಲ. ನೆಗಡಿ ಹಿಡಿದ ಸಂಜೆ ಅದು ಮೂಗು ತೆರೆಸಿದ ಮೇಲಂತೂ ಬೇರೆ ಮಾತೇ ಇಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಗೆಳೆಯರನ್ನೂ ಕಟ್ಟಿಕೊಂಡು ಹೋದೆ. “ಸರ್, ಮಜ್ಜಿಗಿ ಹುಲ್ಲು ಮುಗದೈತ್ರಿ, ಇವತ್ತ ಟೊಮ್ ಯಮ್ ಇಲ್ಲ” ಎಂದರು. ಪೇಸ್ಟೋ ಪುಡಿಯೋ ಕಲಸಿ ಕೊಟ್ಟಿದ್ದರೆ ನನ್ನ ಗೆಳೆಯರಿಗೆ ಗೊತ್ತಾಗುತ್ತಿರಲಿಲ್ಲ. ಅವರು ಕೊಡಲಿಲ್ಲ. ಸೋಮವಾರ ಮತ್ತೆ ಹೋದೆವು, ಐದೂ ಜನ.