ಹ್ಯಾಂಬರ್ಗ್‌ನ ಆ ರಾತ್ರಿ: ಜೆರ್ರಿ ಲೀ ಲೂಯಿಸ್ ಲೈವ್

ಹಳೇ ರಾಕ್ ಆ್ಯಂಡ್ ರೋಲ್ ಲೈವ್ ರೆಕಾರ್ಡಿಂಗ್ ಕೂಡಿಡುವವರು ಮೊದಲು 'ಲೈವ್ ಅಟ್ ದ ಸ್ಟಾರ್ ಕ್ಲಬ್, ಹ್ಯಾಂಬರ್ಗ್' ಅನ್ನೋ ಈ ಆಲ್ಬಮ್ಮನ್ನೇ ತಗೊಳ್ಳಿ. 1964ರ ಏಪ್ರಿಲ್ 5ರಂದು ಜರ್ಮನಿಯ ಹ್ಯಾಂಬರ್ಗ್‌ನ ಸ್ಟಾರ್ ಕ್ಲಬ್‌ನಲ್ಲಿ ಅಮೆರಿಕದ ಹಾಡುಗಾರ, ಪಿಯಾನೋ ವಾದಕ ಜೆರ್ರಿ ಲೀ ಹಾಡಿದ್ದು, ಜೊತೆಗೆ ನುಡಿಸಿದ್ದು ನ್ಯಾಶ್‌ವಿಲ್ ಟೀನ್ಸ್ ತಂಡ, ಹೆಸರಿನಲ್ಲಿ ಅಮೆರಿಕದ ಊರಿದ್ದರೂ ಅವರು ಇಂಗ್ಲೆಂಡಿನವರು. ಪಿಯಾನೋದ ಪ್ರತಿ ಹೊಡೆತವೂ ಎದೆಗೇ ಬಂದು ಬೀಳುತ್ತದೆ, ಜನ 'ಜೆರ್ರಿ, ಜೆರ್ರಿ' ಅಂತ ಕೂಗುವಾಗ ನಾನೂ ಅಲ್ಲೇ ನಿಂತಿದ್ದೇನೆ ಅನ್ನಿಸುತ್ತದೆ. 13 ವರ್ಷದ ಸಂಬಂಧಿ ಹುಡುಗಿಯನ್ನು ಮದುವೆಯಾದದ್ದಕ್ಕೆ 1958ರಲ್ಲಿ ಎದ್ದ ಗಲಾಟೆಯಿಂದ ಅವರ ಹೆಸರು ಕೆಟ್ಟು ಆರು ವರ್ಷ ಆಗಿತ್ತು ಅಲ್ವಾ, ಆ ಹಸಿವೆಲ್ಲ ಇಲ್ಲಿದೆ. ಗಿಟಾರ್ ಅಲ್ಲಲ್ಲಿ ಮುಳುಗಿಹೋಗುತ್ತದೆ, ನನಗೇನೂ ಬೇಸರವಾಗಲಿಲ್ಲ.

ನಾನು ಮೊದಲು ಕೊಂಡ ಎಲ್‌ಪಿಯಲ್ಲಿ ಗೀರುಗಳಿದ್ದವು, ಸೂಜಿ ಹಾರುತ್ತಿತ್ತು. ಮಾರಿದವರು ಚೆನ್ನಾಗಿದೆ ಅಂದಿದ್ದರು, ತುಂಬಾ ನೋವಾಯಿತು. ಹಳೇ ಪ್ಲೇಟಿಗೆ ಜಾಸ್ತಿ ದುಡ್ಡು ಕೊಡುವ ಮೊದಲು ಹತ್ತಿರದಿಂದ ತೆಗೆದ ಫೋಟೋ ಕೇಳಿ, ಇಲ್ಲಾಂದ್ರೆ ಸಿಡಿ ತಗೊಳ್ಳಿ.