ಬೆಂಗಳೂರಿನಲ್ಲಿ ಕೆನಡಾ ವೀಸಾ ಸೇವೆ: 2023ರ ಬಿಕ್ಕಟ್ಟಿನ ನಂತರ

2023ರ ಅಕ್ಟೋಬರ್‌ನಲ್ಲಿ ಖಾಲಿಸ್ತಾನ್ ಪರ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಹತ್ಯೆಯ ಕುರಿತ ಜಗಳದಲ್ಲಿ ಭಾರತ ರಾಜತಾಂತ್ರಿಕ ರಕ್ಷಣೆಯನ್ನು ಹಿಂಪಡೆಯುವುದಾಗಿ ಹೇಳಿದ್ದರಿಂದ ಕೆನಡಾ ತನ್ನ 41 ರಾಜತಾಂತ್ರಿಕರನ್ನು ಭಾರತದಿಂದ ವಾಪಸ್ ಕರೆಸಿಕೊಂಡಾಗ ಬೆಂಗಳೂರು, ಮುಂಬೈ ಮತ್ತು ಚಂಡೀಗಢದ ಕಾನ್ಸುಲೇಟ್‌ಗಳಲ್ಲಿ ಮುಖತಃ ಸಿಗುತ್ತಿದ್ದ ಸೇವೆ ನಿಂತುಹೋಯಿತು. ಮಕ್ಕಳನ್ನು ಟೊರಾಂಟೊ, ವಾಟರ್‌ಲೂ ಕಡೆ ಓದಲು ಕಳುಹಿಸಿದ್ದ ಮನೆಗಳಲ್ಲಿ ವೀಸಾ ಅರ್ಜಿ ಕೇಂದ್ರವೂ ಮುಚ್ಚುತ್ತದೆಯೇ ಎಂಬ ಆತಂಕವಿತ್ತು. ಮುಚ್ಚಲಿಲ್ಲ. ಅದನ್ನು ನಡೆಸುವುದು ಗುತ್ತಿಗೆ ಪಡೆದ ಖಾಸಗಿ ಸಂಸ್ಥೆಯಾದ್ದರಿಂದ, ರಾಜತಾಂತ್ರಿಕ ರಕ್ಷಣೆ ಹೋದರೂ ಕೌಂಟರಿನಲ್ಲಿದ್ದವರ ಕೆಲಸಕ್ಕೆ ಧಕ್ಕೆಯಾಗಲಿಲ್ಲ.

ಆ ಕೌಂಟರಿಗೆ ಐದರಲ್ಲಿ ನಾಲ್ಕು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ಅರ್ಜಿಯನ್ನೂ ಸಂದರ್ಶಕ ವೀಸಾದ 100 ಕೆನಡಿಯನ್ ಡಾಲರ್, ಬಯೋಮೆಟ್ರಿಕ್‌ನ 85 ಡಾಲರ್ ಶುಲ್ಕವನ್ನೂ ಆನ್‌ಲೈನ್‌ನಲ್ಲೇ ಸಲ್ಲಿಸಿ ಹೋದರೆ ಅಲ್ಲಿ ಉಳಿಯುವುದು ಹತ್ತು ಬೆರಳುಗಳ ಅಚ್ಚು ಮತ್ತು ಒಂದು ಫೋಟೊ. ನನ್ನ ಮುಂದಿದ್ದ ಹಿರಿಯರೊಬ್ಬರ ಸವೆದ ಹೆಬ್ಬೆರಳು ಯಂತ್ರದಲ್ಲಿ ಮೂಡದಿದ್ದಾಗ ಅಲ್ಲಿನ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು, ಬೆರಳು ಒರೆಸಿಸಿ, ಗೊಣಗದೆ ಮತ್ತೆ ಮತ್ತೆ ಒತ್ತಿಸಿಕೊಂಡಳು. ಒಮ್ಮೆ ಕೊಟ್ಟ ಅಚ್ಚು ಹತ್ತು ವರ್ಷ ನಡೆಯುತ್ತದೆ.

ತೊಡಕೆಲ್ಲ ಅಲ್ಲಿಂದ ಮುಂದೆ. ಭಾರತದಲ್ಲಿದ್ದ ಕೆನಡಾದ ವಲಸೆ ಅಧಿಕಾರಿಗಳ ಸಂಖ್ಯೆ 27ರಿಂದ 5ಕ್ಕೆ ಇಳಿಯಿತು. ಭಾರತದ ಅರ್ಜಿಗಳಲ್ಲಿ ಶೇ. 89ರಷ್ಟು ಅದಾಗಲೇ ಹೊರದೇಶಗಳಲ್ಲಿ ಪರಿಶೀಲನೆಯಾಗುತ್ತಿದ್ದವಾದರೂ ತುರ್ತು ಪ್ರಕರಣಗಳು, ವೀಸಾ ಮುದ್ರಣ, ಅರ್ಜಿ ಕೇಂದ್ರಗಳ ಮೇಲ್ವಿಚಾರಣೆ ಮುಂತಾಗಿ ಇಲ್ಲೇ ಆಗಬೇಕಾದ ಕೆಲಸ ಆ ಐವರ ಪಾಲಿಗೆ ಬಂತು. ಡಿಸೆಂಬರ್ ಅಂತ್ಯದ ಹೊತ್ತಿಗೆ 17,500 ಅರ್ಜಿಗಳ ತೀರ್ಮಾನ ಬಾಕಿ ಉಳಿಯಬಹುದೆಂದು ಕೆನಡಾದ ವಲಸೆ ಇಲಾಖೆಯೇ ಮೊದಲೇ ಹೇಳಿತು. ಸರ್ಕಾರಿ ಕಚೇರಿಗಳಲ್ಲಿ ಅಪರೂಪವಾದ ಈ ನೇರವಂತಿಕೆಯನ್ನು ಮೆಚ್ಚಬೇಕು. ಆದರೆ ತರಗತಿ ಆರಂಭವಾಗುವ ದಿನಾಂಕ ಕೈಯಲ್ಲಿ ಹಿಡಿದು ಕಾಯುವ ವಿದ್ಯಾರ್ಥಿಗೆ ಅದರಿಂದ ಏನೂ ದಕ್ಕದು. ಈ ಭಾಗಕ್ಕೆ ಎರಡು ಅಂಕವೇ ಹೆಚ್ಚು.

ನಮ್ಮ ಕಡೆಯ ಸೇವೆ ಇದಕ್ಕಿಂತ ಉತ್ತಮವಾಗಿತ್ತು ಎನ್ನುವಂತಿಲ್ಲ. ಕೆನಡಾದ ಪ್ರಜೆಗಳಿಗೆ ಭಾರತದ ವೀಸಾ ಸೆಪ್ಟೆಂಬರ್ 21ರಿಂದ ಪೂರ್ತಿ ನಿಂತು, ಅಕ್ಟೋಬರ್ 26ಕ್ಕೆ ಕೆಲವು ಬಗೆಯವು ಮಾತ್ರ ಮರಳಿ, ಇ-ವೀಸಾ ನವೆಂಬರ್ 22ರವರೆಗೂ ಕಾಯಿಸಿತು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ವೀಸಾ ಇಲ್ಲದೆ ಬರಲು ಭಾರತ ಕೊಡುವ ಓಸಿಐ ಕಾರ್ಡ್ ಇದ್ದವರು ಪಾರಾದರು. ಅದನ್ನು ಮಾಡಿಸಿಕೊಳ್ಳದೆ ಕೆನಡಾದ ಪೌರತ್ವ ಪಡೆದಿದ್ದವರಿಗೆ ಊರಿನ ಮದುವೆ, ತಿಥಿಗಳಿಗೂ ಬರುವ ದಾರಿಯಿರಲಿಲ್ಲ.

2024ರ ಅಕ್ಟೋಬರ್‌ನಲ್ಲಿ ಎರಡೂ ದೇಶಗಳು ಮತ್ತೆ ತಲಾ ಆರು ರಾಜತಾಂತ್ರಿಕರನ್ನು ಹೊರಹಾಕಿದವು. 2025ರ ಆಗಸ್ಟ್‌ನಲ್ಲಿ ಭಾರತದ ಕಡೆಯಿಂದ ದಿನೇಶ್ ಪಟ್ನಾಯಕ್ ಹಾಗೂ ಕೆನಡಾದ ಕಡೆಯಿಂದ ಕ್ರಿಸ್ಟೋಫರ್ ಕೂಟರ್ ಹೊಸ ಹೈಕಮಿಷನರ್‌ಗಳಾಗಿ ನೇಮಕಗೊಂಡರು. ಈ ನಡುವೆ, ಕಾನ್ಸುಲೇಟಿನಲ್ಲಿ ತನಗೆ ಗುರುತಿನವರಿದ್ದಾರೆಂದು ಹೇಳಿ ಹೆಚ್ಚುವರಿ ಹಣ ಕೇಳಿದ ಏಜೆಂಟನೊಬ್ಬ ನನಗೂ ಸಿಕ್ಕಿದ್ದ. ಅರ್ಜಿಗಳ ತೀರ್ಮಾನ ಬಹುಪಾಲು ಹೊರದೇಶಗಳಲ್ಲೇ ಆಗುತ್ತದೆ. ಆ ಹಣವನ್ನು ಯಾರೂ ಕೊಡಬೇಕಾಗಿಲ್ಲ.