ರೋಮೋನಾ, ಬ್ರೇಡಿನಾ: ಯಾರ ಕಾಮೆಂಟರಿ ಕೇಳೋಣ?

ಅಮೆರಿಕನ್ ಫುಟ್‌ಬಾಲ್ ಈಗಷ್ಟೇ ನೋಡಲು ಶುರು ಮಾಡಿದ್ದೀರಾ? ಅಮೆರಿಕದ ಟಿವಿ ವಾಹಿನಿ ಸಿಬಿಎಸ್‌ನಲ್ಲಿ ಟೋನಿ ರೋಮೋ ಮಾತು ಕೇಳಿ. ಆಟ ಚೆನ್ನಾಗಿ ಗೊತ್ತಿದ್ದರೆ ಇನ್ನೊಂದು ವಾಹಿನಿ ಫಾಕ್ಸ್‌ನ ಟಾಮ್ ಬ್ರೇಡಿ.

ಆಟದಲ್ಲಿ ಇಬ್ಬರಿಗೂ ಹೋಲಿಕೆಯೇ ಇಲ್ಲ. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳೇ (ಚೆಂಡೆಸೆದು ತಂಡದ ದಾಳಿ ನಡೆಸುವವರು), ಆದರೆ ಬ್ರೇಡಿ ಏಳು ಸೂಪರ್ ಬೌಲ್ (ಎನ್‌ಎಫ್‌ಎಲ್ ಲೀಗ್‌ನ ಫೈನಲ್) ಗೆದ್ದವರು. ಡಲ್ಲಾಸ್ ಕೌಬಾಯ್ಸ್‌ನ ರೋಮೋ ಒಂದನ್ನೂ ಆಡಲಿಲ್ಲ. 2007ರ ಜನವರಿಯಲ್ಲಿ ಸಿಯಾಟಲ್ ವಿರುದ್ಧ ಸುಲಭದ ಫೀಲ್ಡ್ ಗೋಲ್‌ಗೆ (ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಗಳಿಸುವುದು) ಅವರು ಚೆಂಡು ಹಿಡಿದು ನಿಲ್ಲಿಸಬೇಕಿತ್ತು, ಅಷ್ಟೇ. ಕೈಜಾರಿತು. 21–20ಕ್ಕೆ ಪಂದ್ಯವೂ ಹೋಯ್ತು.

ಮೈಕ್ ಹಿಡಿದ ಮೇಲೆ ಲೆಕ್ಕ ಬೇರೆ. 2017ರಲ್ಲಿ ಆಟ ಬಿಟ್ಟ ರೋಮೋ ನೇರವಾಗಿ ಸಿಬಿಎಸ್‌ನ ಕಾಮೆಂಟೇಟರ್ ಜಿಮ್ ನ್ಯಾಂಟ್ಜ್ ಪಕ್ಕ ಕೂತರು. 2019ರ ಜನವರಿಯ ಪೇಟ್ರಿಯಟ್ಸ್–ಚೀಫ್ಸ್ ಪಂದ್ಯ ಹುಡುಕಿ ನೋಡಿ. ಚೆಂಡು ಕೈಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗುತ್ತೆ ಅಂತ ರೋಮೋ ಹೇಳುತ್ತಾರೆ, ಮತ್ತೆ ಮತ್ತೆ ಹಾಗೇ ಆಗುತ್ತದೆ. ತಮಾಷೆ ಅಂದ್ರೆ, ಅವತ್ತು ಪೇಟ್ರಿಯಟ್ಸ್ ಕಡೆ ಚೆಂಡು ಎಸೆಯುತ್ತಿದ್ದದ್ದು ಬ್ರೇಡಿಯೇ! ಈಚೆಗೆ ರೋಮೋ ಮಾತು ಜಾಸ್ತಿ, ಸತ್ವ ಕಮ್ಮಿ ಅನ್ನೋ ದೂರಿದೆ. ನನಗೂ ಹಾಗೇ ಅನ್ನಿಸುತ್ತದೆ. ಆದ್ರೂ ಆ ಉತ್ಸಾಹ ಹೊಸಬರನ್ನು ಹಿಡಿದು ಕೂರಿಸುತ್ತದೆ.

ಬ್ರೇಡಿ 2024ರಲ್ಲಿ ಫಾಕ್ಸ್‌ನ ಕಾಮೆಂಟೇಟರ್ ಕೆವಿನ್ ಬರ್ಕ್‌ಹಾರ್ಟ್ ಜೊತೆ ಶುರು ಮಾಡಿದಾಗ ತಡವರಿಸಿದರು. ಹತ್ತು ವರ್ಷಕ್ಕೆ 37.5 ಕೋಟಿ ಡಾಲರ್ ಒಪ್ಪಂದ ಅಂತ ಸುದ್ದಿಯಾಗಿತ್ತು, ಜನ ಸುಮ್ನೆ ಬಿಡ್ತಾರಾ? ಬರಬರುತ್ತಾ ಸುಧಾರಿಸಿದರು. ಒಂದೇ ಮುಜುಗರ: ಲಾಸ್ ವೇಗಸ್ ರೇಡರ್ಸ್ ತಂಡದ ಒಡೆತನದಲ್ಲಿ ಅವರಿಗೆ ಪಾಲಿದೆ. ಹಾಗಾಗಿ ಬೇರೆ ತಂಡಗಳ ಅಭ್ಯಾಸ ನೋಡಲು ಲೀಗ್ ಅವರನ್ನು ಬಿಡಲಿಲ್ಲ.